ಖಾತ್ರಿಗೆ ಪರಿಹಾರ, ಅನುಮಾನಕ್ಕೆ ಖರ್ಚು

ಕೃಷ್ಣಾ ದಂಡೆಯಲ್ಲಿ ಕಾಗವಾಡದ ಜುಗೂಳ, ಚಿಕ್ಕೋಡಿಯ ಇಂಗಳಿ, ರಾಯಬಾಗದ ಕುಡಚಿ, ಅಥಣಿಯ ದರೂರದಂಥ ಊರುಗಳಿಗೆ 2005ರ ಮಹಾಪೂರವೇ ಬಹುಕಾಲ ಅಳತೆಗೋಲು. ಆಗ ಹೊಸ್ತಿಲಿಗೆ ನೀರು ಬಾರದವರು ಮುಂದೆಯೂ ಬಾರದೆಂದು ನಂಬುವುದು ಸಹಜ: ‘ಅವಾಗ ಬಂದಿಲ್ಲ, ಈಗೇನ ಬರತೈತಿ?’

2019ರ ಆಗಸ್ಟ್ ಈ ಲೆಕ್ಕವನ್ನು ಕೆಡಿಸಿತು. ಮೇಲ್ಭಾಗದ ಸಾಂಗ್ಲಿಯಲ್ಲಿ 2005ರಲ್ಲಿ ಸುಮಾರು 54 ಅಡಿಗೆ ನಿಂತಿದ್ದ ನೀರು ಈ ಸಲ 57 ಅಡಿ ದಾಟಿತು. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ, ಹೊಳೆ ಮತ್ತೆ ಊರೊಳಗೆ ಬಂತು.

ಮಳೆಗಾಲದಲ್ಲಿ ಇಲ್ಲಿಯವರು ನಿತ್ಯ ಕೇಳುವುದು ರಾಜಾಪುರ ಬ್ಯಾರೇಜಿನ ಕ್ಯುಸೆಕ್ ಲೆಕ್ಕ. ಅಂಕಿ ಸಿಗುತ್ತದೆ, ತಮ್ಮ ಮನೆಗೆ ನೀರು ಬರುತ್ತದೋ ಇಲ್ಲವೋ ಎಂಬುದು ಸಿಗುವುದಿಲ್ಲ. 105 ಟಿಎಂಸಿಯ ಕೊಯ್ನಾ ಜಲಾಶಯದ ಗೇಟು ಮುಚ್ಚಿದರೂ ನರಸೋಬವಾಡಿಯಲ್ಲಿ ಪಂಚಗಂಗೆ ಕೂಡುತ್ತದೆ. ನಿಪ್ಪಾಣಿ ಸೀಮೆಯ ವೇದಗಂಗೆಯ ನೀರನ್ನೂ ಹೊತ್ತ ದೂಧಗಂಗೆ ಕಲ್ಲೋಳ–ಯಡೂರ ಬಳಿ ಸೇರುತ್ತದೆ.

ದೂರುವಾಗ ಮಾತ್ರ ಗಡಿಯ ಎರಡೂ ಕಡೆ ಅನುಮಾನವೇ ಇಲ್ಲ. ನಮ್ಮವರಿಗೆ ‘ಕೊಯ್ನಾದಿಂದ ಬಿಟ್ಟರು’, ಸಾಂಗ್ಲಿಯವರಿಗೆ ‘ಆಲಮಟ್ಟಿಯಲ್ಲಿ ಹಿಡಿದರು’. ಮಹಾರಾಷ್ಟ್ರವೇ ನೇಮಿಸಿದ್ದ ವಡನೇರೆ ಸಮಿತಿ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದು 2020ರಲ್ಲಿ ವರದಿ ಕೊಟ್ಟಿತು. ಆದರೂ ಅಣೆಕಟ್ಟೆಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವುದಕ್ಕೆ ಅಲ್ಲಿನ ಸರ್ಕಾರದ ವಿರೋಧ 2025ರಲ್ಲೂ ನಿಲ್ಲಲಿಲ್ಲ. ಕೊಯ್ನಾ ಒಂದನ್ನೇ ಬೈಯುವ ನಾವೂ ಉಳಿದ ಹೊಳೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀರು ಬಂದೀತೇನೋ ಎಂದು ಅನುಮಾನ ಪಡುವವನು ಹೇಡಿಯಲ್ಲ. ನೀರು ಬರುವ ಮೊದಲೇ ಎಮ್ಮೆ ಹೊಡೆದುಕೊಂಡು, ಕಾಳಿನ ಚೀಲ ಹೇರಿಕೊಂಡು ಎತ್ತರಕ್ಕೆ ಹೋಗುವವನು ಅವನೇ. ನೀರು ಬಾರದಿದ್ದರೆ ಟ್ರ್ಯಾಕ್ಟರ್ ಬಾಡಿಗೆ, ಮೇವಿನ ಖರ್ಚು ಅವನ ತಲೆಗೆ. ಊರವರ ನಗೆ ಬೇರೆ. ಹಾಗೆ ಎರಡು ಸಲ ಆದಮೇಲೆ ಮೂರನೆಯ ಸಲ ಅವನೂ ಕದಲುವುದಿಲ್ಲ.

ಸರ್ಕಾರದ ಲೆಕ್ಕದಲ್ಲೂ ಇವನಿಗೆ ಜಾಗವಿಲ್ಲ. 2019ರಲ್ಲಿ ನೀರು ನುಗ್ಗಿದ ಮನೆಗೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಅದು ಬೇಕಾದ್ದೇ. ಆದರೆ ಹಣವೆಲ್ಲ ಹಾನಿಯ ಬೆನ್ನು ಹತ್ತಿ ಬರುತ್ತದೆ. ಹಾನಿ ತಪ್ಪಿಸಿಕೊಂಡವನ ಬಾಡಿಗೆ ಚೀಟಿಯನ್ನು ಯಾರೂ ಕೇಳುವುದಿಲ್ಲ. ‘ಎಚ್ಚರದಿಂದಿರಿ’ ಎಂದು ಡಂಗುರ ಹೊಡೆಸುವವರು ಆ ಎಚ್ಚರದ ಖರ್ಚಿನಲ್ಲೂ ಪಾಲು ಹಿಡಿಯಬೇಕು.