ಹೊಸ ಬ್ರೌಸರ್ ಹಾಕಿದ್ರೂ ಹಳೇ ಕಾಟ ಯಾಕೆ ಹೋಗಲಿಲ್ಲ?

ಹೋದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಸ್ವಲ್ಪ ಸೇರಿಸಿ ಇಲ್ಲಿ ಬರೀತಾ ಇದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಅಪ್ಪ ಅಮ್ಮನಿಗೆ ಪ್ರಿಂಟ್ ತೆಗೆದು ಕೊಡಬೇಕು ಅನ್ನೋರು ಇದನ್ನ ಓದ್ಕೋಬಹುದು.

ಪುಣೆಯಲ್ಲಿ ನಾವು ಕೆಲವು ಕನ್ನಡದವರು ಸೇರಿ ಭಾನುವಾರ ಬೆಳಿಗ್ಗೆ ಒಂದು ಕಂಪ್ಯೂಟರ್ ಕ್ಲಬ್ ನಡೆಸ್ತೀವಿ. ಕ್ಲಬ್ ಅನ್ನೋದು ದೊಡ್ಡ ಮಾತಾಯ್ತು. ಸೊಸೈಟಿಯ ಹಾಲು, ಒಂದು ಪ್ರೊಜೆಕ್ಟರು, ಹದಿನೈದು ಇಪ್ಪತ್ತು ಜನ, ನಡುವೆ ಚಹಾ. ಬರೋರಲ್ಲಿ ಹೆಚ್ಚಿನವರು ರಿಟೈರ್ ಆದವರು, ಮಕ್ಕಳು ಕೊಡಿಸಿದ ಲ್ಯಾಪ್‌ಟಾಪ್ ಬಗಲಲ್ಲಿ ಹಿಡ್ಕೊಂಡು ಬರ್ತಾರೆ. ಈ ಸಲದ ವಿಷಯ ಹೊಸ ಬ್ರೌಸರ್ ಕಲಿಯೋದು, ಅಂದ್ರೆ ಕ್ರೋಮ್ ಬಿಟ್ಟು ಫೈರ್‌ಫಾಕ್ಸ್ ಬಳಸೋದು.

ಇದನ್ನ ಕೇಳಿದ್ದು ಒಬ್ಬ ಕಾಕಾ. ಊರು ಧಾರವಾಡದ ಕಡೆ, ಕೆಲಸ ಮಾಡಿದ್ದು ಆರ್‌ಎಂಎಸ್‌ನಲ್ಲಿ, ಅಂದ್ರೆ ರೈಲಿನಲ್ಲಿ ಟಪಾಲು ಬೇರ್ಪಡಿಸೋ ಕೆಲಸ. ಅವರ ಲ್ಯಾಪ್‌ಟಾಪಿನ ಬಲಗಡೆ ಕೆಳಮೂಲೆಯಲ್ಲಿ ಹತ್ತು ನಿಮಿಷಕ್ಕೊಂದು ಸಲ ಕೆಂಪು ಪಟ್ಟಿ ಬರ್ತಿತ್ತು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಬ್ಯಾಂಕ್ ವಿವರ ಕಳುವಾಗ್ತಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಅಂತ. ಒಂದು ಸಲ ಫೋನ್ ಹಚ್ಚೇಬಿಟ್ಟಿದ್ರಂತೆ. ಆ ಕಡೆಯವನು ಪರದೆ ನೋಡೋ ಆಪ್ ಇಳಿಸಿಕೊಳ್ಳಿ ಅಂದಾಗ ಅನುಮಾನ ಬಂದು ಇಟ್ಟರು. ಆವತ್ತಿನಿಂದ ಬ್ಯಾಂಕಿನ ಸೈಟ್ ತೆರೆಯೋಕೇ ಭಯ. ಕರೆಂಟ್ ಬಿಲ್ಲನ್ನೂ ಮಗನೇ ಕಟ್ತಾ ಇದ್ದ. "ಎಲ್ಲಾದಕ್ಕೂ ಅವನ್ನ ಕೇಳೂದು ನಾಚಿಕಿ ಬರತೈತಿ ತಮ್ಮಾ" ಅಂದ್ರು.

ನಾನು ಮಾಡಿದ ತಪ್ಪು ಇಲ್ಲೇ ಶುರು. ಎಂಟೆಕ್ ಮಾಡಿದವನ ಚಟ, ಸ್ಲೈಡು ಮಾಡ್ಕೊಂಡು ಹೋದೆ. ಟಿಮ್ ಬರ್ನರ್ಸ್ ಲೀ 1990ರಲ್ಲಿ ಮೊದಲ ಬ್ರೌಸರ್ ಬರೆದದ್ದು, 1993ರ ಮೊಸಾಯಿಕ್, 1994ರ ನೆಟ್‌ಸ್ಕೇಪ್, ಅದರ ವಂಶದಲ್ಲೇ 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್. ಐದನೇ ಸ್ಲೈಡಿಗೆ ಹಿಂದಿನ ಸಾಲಲ್ಲಿ ಒಬ್ಬರು ಕಣ್ಣು ಮುಚ್ಚಿದ್ರು. ಮುಂದೆ ಕೂತಿದ್ದ ಕಾಕೂ ಒಬ್ಬರು, "ಗೂಗಲ್ ಅಂದ್ರನ ಇಂಟರ್ನೆಟ್ ಅಲ್ಲೇನ್ರೀ?" ಅಂತ ಕೇಳಿದ್ರು. ಸ್ಲೈಡ್ ಆಫ್ ಮಾಡಿದೆ.

ಅವರಿಗೆ ಹೇಳಿದ್ದು ಇಷ್ಟು. ಇಂಟರ್ನೆಟ್ ಅನ್ನೋದು ರಸ್ತೆ. ಗೂಗಲ್ ಹುಡುಕಾಟ ಅನ್ನೋದು ಆ ರಸ್ತೆಯಲ್ಲಿರೋ ಒಂದು ಅಂಗಡಿ, ದಾರಿ ಹೇಳೋ ಅಂಗಡಿ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ನಾವು ಕೂತು ಹೋಗೋ ಗಾಡಿಗಳು. ಗಾಡಿ ಬದಲಾಯಿಸಿದ್ರೆ ಅಂಗಡಿ, ಬ್ಯಾಂಕು, ನಿಮ್ಮ ಮೇಲ್ ಯಾವುದೂ ಬದಲಾಗಲ್ಲ. ಇನ್ನೊಂದು ವಿಷಯ: ಮೇಲಿನ ಬಣ್ಣ ಬೇರೆ ಇದ್ರೂ ಬಹಳಷ್ಟು ಗಾಡಿಗಳ ಎಂಜಿನ್ ಒಂದೇ. ಒಪೆರಾ 2013ರಲ್ಲಿ, ಮೈಕ್ರೋಸಾಫ್ಟಿನ ಎಡ್ಜ್ 2020ರಲ್ಲಿ ಕ್ರೋಮ್ ಬಳಸೋ ಕ್ರೋಮಿಯಂ ಮೇಲೇ ಬಂದು ಕೂತವು. ಬ್ರೇವ್ ಕೂಡ ಅದೇ. ಫೈರ್‌ಫಾಕ್ಸಿಗೆ ಗೆಕೋ ಅನ್ನೋ ಸ್ವಂತ ಎಂಜಿನ್ ಇದೆ, ಆಪಲ್‌ನ ಸಫಾರಿಗೆ ವೆಬ್‌ಕಿಟ್. ನಿಜವಾಗಿ ಬೇರೆ ಗಾಡಿ ಓಡಿಸಿ ನೋಡಬೇಕು ಅಂದ್ರೆ ವಿಂಡೋಸ್‌ನಲ್ಲಿ ಉಳಿಯೋ ದೊಡ್ಡ ಹೆಸರು ಫೈರ್‌ಫಾಕ್ಸ್ ಒಂದೇ.

ಇನ್‌ಸ್ಟಾಲ್ ಮಾಡೋದು ಐದು ನಿಮಿಷದ ಕೆಲಸ, ಅದರ ಬಗ್ಗೆ ಬರೆಯೋಕೇನಿಲ್ಲ. ಹಳೇ ಬ್ರೌಸರಿಂದ ಬುಕ್‌ಮಾರ್ಕ್, ಹಿಸ್ಟರಿ ತರಬೇಕಾ ಅಂತ ಅದೇ ಕೇಳುತ್ತೆ. ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಕೆಲವು ಸಲ ಅವು ನೇರವಾಗಿ ಬರಲ್ಲ, ಕ್ರೋಮ್‌ನಿಂದ ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಂಡು ಇಲ್ಲಿ ಹಾಕಬೇಕಾಗುತ್ತೆ. ಆ ಫೈಲಿಗೆ ಯಾವ ಬೀಗವೂ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದ್ರೆ ಎಲ್ಲಾ ಪಾಸ್‌ವರ್ಡೂ ಸಾಲಾಗಿ ಕಾಣ್ತವೆ. ಕೆಲಸ ಮುಗಿದ ಕೂಡಲೇ ಡಿಲೀಟ್ ಮಾಡಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಡೌನ್‌ಲೋಡ್ಸ್‌ನಲ್ಲಿ ಹಾಗೇ ಬಿಟ್ಟವರನ್ನ ನಾನು ನೋಡಿದೀನಿ, ಅವರಲ್ಲಿ ಎಂಜಿನಿಯರುಗಳೂ ಇದ್ದರು.

ಎಲ್ಲರದ್ದೂ ಫೈರ್‌ಫಾಕ್ಸ್ ಎದ್ದು ಕೂತಿತು. ಚಹಾ ಬಂತು. ಕಾಕಾ ಖುಷಿಯಾಗಿ ಬಿಸ್ಕತ್ತು ಅದ್ದುತ್ತಾ ಇದ್ರು. ಅಷ್ಟರಲ್ಲಿ ಬಲಮೂಲೆಯಲ್ಲಿ ಮತ್ತೆ ಅದೇ ಕೆಂಪು ಪಟ್ಟಿ!

ನನ್ನ ಮರ್ಯಾದೆ ಹೋಯ್ತು ಅನ್ನಿ. ಆದರೆ ಆವತ್ತಿನ ನಿಜವಾದ ಪಾಠ ಆಗಿದ್ದು ಆಮೇಲೆ. ಆ ಪಟ್ಟಿ ವೈರಸ್ ಅಲ್ಲ, ಆಂಟಿವೈರಸ್ಸೂ ಅಲ್ಲ. ಅದು ವೆಬ್‌ಸೈಟ್ ಕಳಿಸೋ ನೋಟಿಫಿಕೇಶನ್. ಕಾಕಾ ಯಾವತ್ತೋ ಹಳೇ ಹಾಡು ಇಳಿಸಿಕೊಳ್ಳೋಕೆ ಒಂದು ಸೈಟಿಗೆ ಹೋಗಿದ್ರು. ನೀವು ರೋಬೋ ಅಲ್ಲ ಅಂತ ತೋರಿಸಲು ಅಲೋ ಒತ್ತಿ ಅಂತ ಅಲ್ಲಿ ಬರೆದಿತ್ತು. ಒತ್ತಿದ್ರು. ಒತ್ತಿದಾಗ ಏನಾಗುತ್ತೆ ಅಂದ್ರೆ, ಆ ಸೈಟು ಸರ್ವಿಸ್ ವರ್ಕರ್ ಅನ್ನೋ ಒಂದು ಪುಟ್ಟ ಪ್ರೋಗ್ರಾಮನ್ನ ನಿಮ್ಮ ಬ್ರೌಸರಿನಲ್ಲಿ ಇಟ್ಟು ಹೋಗುತ್ತೆ, ಮನೆ ಮುಂದೆ ಒಬ್ಬ ಆಳನ್ನ ಕೂರಿಸಿ ಹೋದ ಹಾಗೆ. ಸೈಟ್ ತೆರೆದಿರಬೇಕು ಅಂತಿಲ್ಲ. ಅವರು ದೂರದಿಂದ ಸಂದೇಶ ತಳ್ಳಿದಾಗ ಆಳು ಎದ್ದು ಪಟ್ಟಿ ತೋರಿಸ್ತಾನೆ.

ಹೊಸ ಬ್ರೌಸರಿಗೆ ಬುಕ್‌ಮಾರ್ಕ್ ಬಂತು, ಆದರೆ ಈ ಅನುಮತಿ ಬರಲಿಲ್ಲ. ಅದು ಕ್ರೋಮ್‌ನಲ್ಲೇ ಉಳೀತು. ಕ್ರೋಮ್ ಕಿಟಕಿ ಮುಚ್ಚಿದ್ರೂ ಹಿನ್ನೆಲೆಯಲ್ಲಿ ಓಡ್ತಾ ಇರೋ ಒಂದು ಸೆಟ್ಟಿಂಗ್ ಇದೆ, ಕಾಕಾನ ಲ್ಯಾಪ್‌ಟಾಪಿನಲ್ಲಿ ಅದು ಆನ್ ಇತ್ತು. ಹಾಗಾಗಿ ಹೊಸ ಮನೆಗೆ ಹೋದ್ರೂ ಹಳೇ ಮನೆ ಬಾಗಿಲಲ್ಲಿ ಕೂತವನು ಕೂಗ್ತಾನೇ ಇದ್ದ.

ತೆಗೆಯೋದು ಹೀಗೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಇರೋ ಸೈಟುಗಳ ಪಟ್ಟಿ ಸಿಗುತ್ತೆ. ಗುರುತಿಲ್ಲದ್ದನ್ನೆಲ್ಲಾ ರಿಮೂವ್ ಮಾಡಿ. ಕಾಕಾನ ಪಟ್ಟಿಯಲ್ಲಿ ಹನ್ನೊಂದು ಇದ್ದವು. ಫೈರ್‌ಫಾಕ್ಸಿನಲ್ಲೂ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ನೋಟಿಫಿಕೇಶನ್ಸ್ ತೆರೆದು, ಇನ್ನು ಮುಂದೆ ಯಾವ ಸೈಟೂ ಕೇಳಲೇಬಾರದು ಅನ್ನೋ ಡಬ್ಬಿಗೆ ಟಿಕ್ ಹಾಕಿಸಿದೆ. ಯಾರಾದ್ರೂ ಬುದ್ಧಿವಂತರು ಕೇಳಬಹುದು, ಹಾಗಾದ್ರೆ ಬ್ರೌಸರ್ ಬದಲಾಯಿಸೋದೇ ಬೇಕಿರಲಿಲ್ಲವಲ್ಲ ಅಂತ. ಕಾಕಾನ ಮಟ್ಟಿಗೆ ಬೇಕಿರಲಿಲ್ಲ, ಒಪ್ತೀನಿ. ಇನ್ನೊಬ್ಬರ ಬಳಿ ವಿಂಡೋಸ್ 7 ಇರೋ ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಹೊಸ ಕ್ರೋಮ್ ಬರೋದು 2023ರ ಫೆಬ್ರವರಿಯಲ್ಲೇ ನಿಂತಿದೆ, ಆದ್ದರಿಂದ ಬ್ಯಾಂಕ್ ಕೆಲಸಕ್ಕೆ ಆ ಯಂತ್ರವನ್ನೇ ಬಿಡಿ ಅಂದೆ.

ಕೊನೆಗೆ ಉಳಿದಿದ್ದು ಅಡ್ರೆಸ್ ಬಾರ್. ಬೀಗದ ಚಿತ್ರ ಇದ್ರೆ ಸೈಟ್ ಒಳ್ಳೇದು ಅಂತ ಎಲ್ಲರೂ ನಂಬಿದ್ರು. ಬೀಗ ಹೇಳೋದು ದಾರಿಯಲ್ಲಿ ಯಾರೂ ಕದ್ದು ಓದಲ್ಲ ಅಂತ ಮಾತ್ರ. ಆ ತುದಿಯಲ್ಲಿ ಕೂತವನು ಕಳ್ಳನೋ ಅಲ್ಲವೋ ಅಂತ ಅದು ಹೇಳಲ್ಲ. ಈ ಗೊಂದಲಕ್ಕೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿತು. ನೋಡಬೇಕಾದ್ದು ವಿಳಾಸವನ್ನ, ಅದೂ ಬಲದಿಂದ ಎಡಕ್ಕೆ. ಶುರುವಿನ ಜೋಡಿ ಗೀಟು ಬಿಟ್ಟು, ಮೊದಲ ಒಂಟಿ ಓರೆಗೀಟು ಎಲ್ಲಿ ಬರುತ್ತೋ ಅಲ್ಲಿಂದ ಹಿಂದಕ್ಕೆ ಓದಬೇಕು. ಎಡಗಡೆ ಯಾರು ಬೇಕಾದ್ರೂ ಬ್ಯಾಂಕಿನ ಹೆಸರು ಬರ್ಕೋಬಹುದು.

ಇದನ್ನ ವಿವರಿಸೋಕೆ ತಿಣುಕ್ತಾ ಇದ್ದೆ. ಕಾಕಾನೇ ಎದ್ದು ನಿಂತರು. "ಆರ್‌ಎಂಎಸ್‌ನ್ಯಾಗ ನಾವು ಮೊದಲ ಹೆಸರ ನೋಡ್ತಿದ್ದಿಲ್ಲ. ಕೆಳಗಿಂದ ಓದ್ತಿದ್ವಿ. ಮೊದಲ ಊರ, ಹೆಸರ ಆಮ್ಯಾಲೆ. ಹೆಸರಿನ್ಯಾಗ ಏನೈತಿ, ರಾಜಾ ಅಂತ ಬರದ್ರೂ ಚೀಲಾ ಹೋಗೂದು ಊರಿಗೇ." ನನ್ನ ಐದು ಸ್ಲೈಡಿನ ಕೆಲಸ ಒಂದೇ ಏಟಿಗೆ ಆಯ್ತು.

ಈ ಲೆಕ್ಕದಲ್ಲಿ ಊರು ಅಂದ್ರೆ ಬಲತುದಿ. ನಮ್ಮ ಬ್ಯಾಂಕುಗಳೆಲ್ಲಾ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನೋ ಕೊನೆಗೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಸ್ಟೇಟ್ ಬ್ಯಾಂಕಿನದು ಈಗ ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್. ಆ ಕೊನೆ ಬ್ಯಾಂಕುಗಳಿಗೆ ಮಾತ್ರ ಕೊಡ್ತಾರೆ, ಹಾಗಾಗಿ ಊರು ಸರಿ ಇದೆಯಾ ಅಂತ ನೋಡೋದು ಸುಲಭವಾಗಿದೆ. ಎಲ್ಲಾ ಮೀರಿ ಹಣ ಹೋಗೇಬಿಟ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಹೊರಡೋ ಮುಂಚೆ ಕಾಕೂ ಫೈರ್‌ಫಾಕ್ಸ್ ಮೆನು ಕನ್ನಡಕ್ಕೆ ಬರುತ್ತಾ ಅಂದ್ರು. ಬರುತ್ತೆ, ಸೆಟ್ಟಿಂಗ್ಸ್‌ನ ಲಾಂಗ್ವೇಜ್‌ನಲ್ಲಿ ಆರಿಸ್ಕೋಬಹುದು. ಹಾಕಿಕೊಟ್ಟೆ, ಬಹಳ ಖುಷಿಪಟ್ಟರು. ಮುಂದಿನ ಭಾನುವಾರ ಬಂದು ಇಂಗ್ಲಿಷಿಗೇ ತಿರುಗಿಸು ಅಂದ್ರು. ಹೈದರಾಬಾದಿನಿಂದ ಮಗಳು ಫೋನಿನಲ್ಲಿ ಸೆಟ್ಟಿಂಗ್ಸ್ ಒತ್ತು ಅಂದ್ರೆ ಅವರಿಗೆ ಆ ಪದ ಪರದೆಯಲ್ಲಿ ಎಲ್ಲೂ ಕಾಣಲಿಲ್ಲವಂತೆ. ಕಾಕಾ ಮಾತ್ರ ಆ ವಾರ ಬರಲಿಲ್ಲ. ಕರೆಂಟ್ ಬಿಲ್ ಕಟ್ಟಿದ ರಸೀದಿಯ ಫೋಟೋ ಗ್ರೂಪಿನಲ್ಲಿ ಹಾಕಿದ್ರು.