ಮಕ್ಕಳಿಗೆ ಅಂಗಸಾಧನೆಯ ಮೊದಲ ಪಾಠ

ಮಗುವಿನ ಗಣಿತದ ಅಂಕಗಳು ಇಳಿದರೆ ತಂದೆಯಾದವನು ಮರುದಿನವೇ ಉಪಾಧ್ಯಾಯರನ್ನು ಕಾಣಹೋಗುವನು. ಅದೇ ಮಗು ಎರಡು ಅಂತಸ್ತಿನ ಮೆಟ್ಟಿಲೇರಿ ಏದುಸಿರು ಬಿಟ್ಟರೆ, ಬೆಳೆದಂತೆ ಸರಿಹೋದೀತೆಂದು ಸುಮ್ಮನಿರುವನು. ಶಾಲೆಗಳಲ್ಲಿಯೂ ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಬಲಿಯಾಗುವುದು ಆಟದ ಪಿರಿಯಡ್ಡೇ.

ನನ್ನ ತಂಗಿಯ ಮಗಳು ಆರನೆಯ ತರಗತಿಯಲ್ಲಿ ಓದುತ್ತಾಳೆ. ಕಳೆದ ವರ್ಷ ಅವಳ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ 600 ಮೀಟರು ಓಡಿಸಿದರು. ಇವಳು ಎಲ್ಲರಿಗಿಂತ ಹಿಂದೆ ಬಂದಳು, ಉಳಿದವರು ನಕ್ಕರು. ಅಂದಿನಿಂದ ಆಟದ ಪಾಠವಿದ್ದ ದಿನವೆಲ್ಲ ಆಕೆಗೆ ಹೊಟ್ಟೆನೋವು! ಮದ್ದಿಗೆ ಬಗ್ಗುವ ನೋವು ಅದಲ್ಲವೆಂಬುದು ತಾಯಿಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ಈ ವರ್ಷ ಬಂದ ಶಿಕ್ಷಕಿಯರು ಓಟಕ್ಕೆ ಮೊದಲು ನಾಡಿ ನೋಡುವುದನ್ನು ಕಲಿಸಿದರು. ಅಂಗೈಯನ್ನು ಮೇಲ್ಮುಖವಾಗಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಇನ್ನೊಂದು ಕೈಯ ತೋರುಬೆರಳು, ನಡುಬೆರಳುಗಳನ್ನು ಮೆಲ್ಲನೆ ಊರಬೇಕು. ಹೆಬ್ಬೆರಳಿಂದ ನೋಡಬಾರದು, ಅದರ ಸ್ವಂತ ಮಿಡಿತವೇ ಲೆಕ್ಕವನ್ನು ಕೆಡಿಸುವುದು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ನಿಮಿಷದ ಲೆಕ್ಕ. ಕುಳಿತಾಗ ಇವಳದು 88. ಓಟ ಮುಗಿದೊಡನೆ ಮೊದಲು ಬಂದ ಹುಡುಗಿಯದು 148, ಇವಳದು 176. ಕಡೆಯವಳೆನಿಸಿಕೊಂಡವಳ ಹೃದಯವೇ ಹೆಚ್ಚು ದುಡಿದಿತ್ತು! ಅಭ್ಯಾಸವಾದಂತೆ ಹೃದಯವು ಒಂದೊಂದು ಮಿಡಿತಕ್ಕೆ ಹೆಚ್ಚು ರಕ್ತವನ್ನು ನೂಕುವುದರಿಂದ ಅದೇ ಕೆಲಸಕ್ಕೆ ಕಡಮೆ ಮಿಡಿತಗಳು ಸಾಕಾಗುತ್ತವೆಂದು ಶಿಕ್ಷಕಿಯರು ವಿವರಿಸಿದರು. ಆ ಮೇಲೆ ಯಾರೂ ನಗಲಿಲ್ಲವಂತೆ.

ದಮ್ಮಿನ ಜೊತೆಗೆ ಸ್ನಾಯುಗಳ ಬಲವೂ ಕೀಲುಗಳ ಬಾಗುವಿಕೆಯೂ ಬೇಕು. ಇವಕ್ಕೆ ನಮ್ಮ ಸೂರ್ಯನಮಸ್ಕಾರ, ಬಸ್ಕಿಗಳು ಸಾಲವೆ? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೆ ಕೃಷ್ಣಮಾಚಾರ್ಯರು ಬಾಲಕರಿಗೆ ಯೋಗಾಭ್ಯಾಸ ಮಾಡಿಸುತ್ತಿದ್ದ ನಾಡಿದು.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕೆಂದೂ, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಶ್ರಮವಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಅಷ್ಟನ್ನೂ ಒಂದೇ ಬಾರಿಗೆ ಮುಗಿಸಬೇಕಾಗಿಲ್ಲ. ಕುಂಟೆಬಿಲ್ಲೆ, ಖೋ ಖೋ, ಹಗ್ಗದಾಟ, ಶಾಲೆಗೆ ಚುರುಕಾಗಿ ನಡೆದುಹೋಗುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹನ್ನೊಂದು ತುಂಬಿತೆಂದು ಹೆಣ್ಣುಮಕ್ಕಳನ್ನು ಬೀದಿಯ ಆಟದಿಂದ ಒಳಗೆ ಕರೆದುಕೊಳ್ಳುವ ಮನೆಗಳು ಇಂದಿಗೂ ಇವೆ. ಎಲುಬು ಬಲಿಯಬೇಕಾದ ಕಾಲವೇ ಅದೆಂಬುದನ್ನು ಆ ಹಿರಿಯರು ಯೋಚಿಸುವುದೊಳಿತು. ಆದರೆ ಆಡುವಾಗ ಎದೆ ನೋಯುವ, ತಲೆ ತಿರುಗಿ ಬೀಳುವ, ಉಬ್ಬಸಪಡುವ ಮಗುವನ್ನು ಮೊದಲು ವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ಹುಡುಗಿ ಈಗಲೂ ಹಿಂದಿನ ಸಾಲಿನಲ್ಲಿಯೇ ಓಡುತ್ತಾಳೆ. ಆದರೆ ತನ್ನ ಹಳೆಯ ಹೊತ್ತಿಗಿಂತ 45 ಸೆಕೆಂಡು ಮುಂಚೆ ಮುಟ್ಟುತ್ತಾಳೆ. ಹೊಟ್ಟೆನೋವಿನ ಸುದ್ದಿಯೇ ಇಲ್ಲ. ಸಂಜೆ ಮನೆಯವರೆಲ್ಲರ ಮಣಿಕಟ್ಟು ಹಿಡಿದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಮೆಟ್ಟಿಲೇರಿ ಬಂದೊಡನೆ ತಮ್ಮ ನಾಡಿಯನ್ನು ನೋಡಲು ಆಕೆಯ ತಂದೆಯವರು ಮಾತ್ರ ಇನ್ನೂ ಒಪ್ಪಿಲ್ಲ.