ಬೂಗರೋನ ನುಣುಪು

ಫ್ರಾನ್ಸಿನ ಪಶ್ಚಿಮ ತೀರದ ರೇವುಪಟ್ಟಣವಾದ ಲಾ ರೊಶೆಲ್‌ನಲ್ಲಿ 1825ರಲ್ಲಿ ಜನಿಸಿ, ದ್ರಾಕ್ಷಾರಸವನ್ನೂ ಆಲಿವ್ ಎಣ್ಣೆಯನ್ನೂ ಮಾರುತ್ತಿದ್ದ ತಂದೆಯಂತೆ ತಾನೂ ವಣಿಕನೇ ಆಗಬೇಕಾಗಿದ್ದ ವಿಲಿಯಂ ಬೂಗರೋ, ಪಾದ್ರಿಯಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿ ಪ್ರಾಚೀನ ಕಾವ್ಯಪುರಾಣಗಳ ರುಚಿ ಕಂಡು, ಬೋರ್ಡೋ ನಗರದಲ್ಲಿ ಹಣ್ಣಿನ ಪಾಕದ ಜಾಡಿಗಳ ಚೀಟಿಗಳಿಗೆ ಬಣ್ಣ ತುಂಬುತ್ತ ಚಿತ್ರವಿದ್ಯೆಯನ್ನು ಕಲಿತು, ಬಳಿಕ ತನ್ನ ಸೀಮೆಯ ಗೃಹಸ್ಥರ ಭಾವಚಿತ್ರಗಳನ್ನು ಬರೆದು ಗಳಿಸಿದ ಹಣದಿಂದ 1846ರಲ್ಲಿ ಪ್ಯಾರಿಸ್ಸನ್ನು ಸೇರಿದನು. 1850ರಲ್ಲಿ, ಕಲಾವಿದರನ್ನು ಅಭ್ಯಾಸಕ್ಕಾಗಿ ಇಟಲಿಗೆ ಕಳುಹಿಸುತ್ತಿದ್ದ ರೋಮ್ ಪಾರಿತೋಷಕ ಲಭಿಸಿತು. ರಫಾಯೆಲನ ನಾಡನ್ನು ಕಣ್ತುಂಬ ಕಂಡು ಹಿಂದಿರುಗಿದ ಮೇಲೆ ಅವನ ಕೀರ್ತಿಗೆ ತಡೆಯೇ ಇರಲಿಲ್ಲ.

ರೇಖಾಭ್ಯಾಸ, ವರ್ಣದ ಕರಡು, ಪೂರ್ಣಪ್ರಮಾಣದ ನಕ್ಷೆ, ಇವೆಲ್ಲವೂ ಮುಗಿದ ಹೊರತು ಕ್ಯಾನ್ವಾಸನ್ನು ಮುಟ್ಟದ, ಮುಟ್ಟಿದ ಮೇಲೆ ಕುಂಚದ ಗುರುತೂ ಉಳಿಯದಂತೆ ತೀಡುವ ಈ ಶ್ರಮಜೀವಿಯ ಕೃತಿಗಳು ಎಂಟುನೂರನ್ನು ಮೀರುತ್ತವೆ. ಅಮೆರಿಕದ ಶ್ರೀಮಂತರು ಅವನ್ನು ಮುಗಿಬಿದ್ದು ಕೊಂಡರು. ಚಿತ್ರಕಾರ ದೆಗಾ ಮತ್ತು ಅವನ ಸಂಗಡಿಗರಾದರೋ, ಅತಿನುಣುಪಾದ ಚಿತ್ರಗಳನ್ನು ಹಳಿಯಲು ಬೂಗರೋನ ಹೆಸರನ್ನೇ ಬೈಗುಳವಾಗಿಸಿಕೊಂಡರು. ಈ ಹಳಿವು ನಿರಾಧಾರವಲ್ಲ. ಅವನ ಕುರಿಗಾಹಿ ಬಾಲೆಯರು ಬರಿಗಾಲಲ್ಲಿ ನಿಂತಿದ್ದರೂ ಹಸಿವೆಯಾಗಲಿ ದಣಿವಾಗಲಿ ಅವರ ಮೊಗವನ್ನು ಸೋಂಕಿದಂತೆ ತೋರದು. ಅವನ ಅಪ್ಸರೆಯರಂತೂ ನನಗೆ ಬೇಗ ಬೇಸರ ತರಿಸುತ್ತಾರೆ.

ಆದರೆ 1875ರಲ್ಲಿ ಮಗ ಜಾರ್ಜ್ ತೀರಿಕೊಂಡು, 1877ರಲ್ಲಿ ಪತ್ನಿ ನೆಲ್ಲಿಯೂ ಅವಳ ಹಿಂದೆಯೇ ಹಸುಗೂಸೊಂದೂ ಇಲ್ಲವಾದ ಆ ಘೋರ ಕಾಲದಲ್ಲಿ ಅವನು ಬರೆದ ‘ಸಾಂತ್ವನದ ಕನ್ಯಾಮಾತೆ’ಯನ್ನು ನೋಡಿದವರು ಅವನನ್ನು ಬರಿಯ ನುಣುಪುಗಾರನೆಂದು ತಳ್ಳಿಹಾಕಲಾರರು. ಕೈಗಳನ್ನು ಮೇಲಕ್ಕೆತ್ತಿ ನಿಶ್ಚಲಳಾಗಿ ಕುಳಿತ ಮೇರಿ, ಅವಳ ಮಡಿಲ ಮೇಲೆ ಕುಸಿದುಬಿದ್ದ ತಾಯಿ, ಕಾಲಬಳಿ ನೆಲದ ಮೇಲೆ ಮೃತಶಿಶು: ಅನ್ಯತ್ರ ಕೃತಕವೆನಿಸುವ ಆ ಅಮೃತಶಿಲೆಯ ನಯವೇ ಇಲ್ಲಿ ಶವದ ತಣ್ಪಾಗಿ ಪರಿಣಮಿಸಿದೆ. ಐವರು ಮಕ್ಕಳಲ್ಲಿ ನಾಲ್ವರು ತಂದೆಗಿಂತ ಮುಂಚೆಯೇ ಗತಿಸಿದರು.

1876ರಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಯ ಸದಸ್ಯನಾದ ಈ ಸಂಪ್ರದಾಯನಿಷ್ಠನು, ಸರ್ಕಾರಿ ಕಲಾಶಾಲೆ ಸ್ತ್ರೀಯರಿಗೆ ಬಾಗಿಲು ತೆರೆಯದಿದ್ದ ದಿನಗಳಲ್ಲಿ ಜೂಲಿಯನ್ ಅಕಾಡೆಮಿಯಲ್ಲಿ ಅವರಿಗೂ ಪಾಠ ಹೇಳಿದನೆಂಬುದನ್ನು ಅವನ ನಿಂದಕರು ಮರೆಯುತ್ತಾರೆ. ಶಿಷ್ಯೆಯಾಗಿದ್ದ ಅಮೆರಿಕದ ಎಲಿಜಬೆತ್ ಗಾರ್ಡ್ನರಳೊಡನೆ 1879ರಲ್ಲಿ ನಿಶ್ಚಿತಾರ್ಥವಾದರೂ, ತನ್ನ ತಾಯಿಯ ವಿರೋಧದಿಂದಾಗಿ, ಆಕೆ ಕಣ್ಮುಚ್ಚಿದ 1896ರವರೆಗೆ ವಿವಾಹಕ್ಕಾಗಿ ಕಾದನು. ವರನಿಗಾಗ ಎಪ್ಪತ್ತು ದಾಟಿತ್ತು!

1905ರ ಆಗಸ್ಟಿನಲ್ಲಿ ಲಾ ರೊಶೆಲ್‌ನಲ್ಲೇ ಅವನು ನಿಧನನಾದನು. ಆ ಶರತ್ಕಾಲದ ಪ್ರದರ್ಶನದಲ್ಲಿ ಹಸಿಹಸಿ ಬಣ್ಣಗಳಿಂದ ಪ್ಯಾರಿಸ್ಸನ್ನು ಬೆಚ್ಚಿಬೀಳಿಸಿದ ಚಿತ್ರಕಾರ ಮಾತಿಸ್, ಹದಿನಾಲ್ಕು ವರ್ಷಗಳ ಹಿಂದೆ ಬೂಗರೋನಲ್ಲಿಗೆ ಕಲಿಯಬಂದು ಬಹುಬೇಗ ಬಿಟ್ಟುಹೋದವನು.